ಅಪ್ಪ ಅಮ್ಮನನ್ನು ದೊಡ್ಡ ಹೋಟೆಲಿನ ಊಟಕ್ಕೆ ಕರೆದೊಯ್ಯಬೇಕೆಂದಿದ್ದೇನೆ: ಮೊದಲೇ ಏನೇನು ವಿಚಾರಿಸಿಕೊಳ್ಳಬೇಕು?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಗೆ ನನ್ನ ತಂದೆ ತಾಯಿಯ ಮದುವೆಗೆ 50 ವರ್ಷ ತುಂಬುತ್ತದೆ. ತೀರ್ಥಹಳ್ಳಿ ಸಮೀಪದ ಹಳ್ಳಿಯೊಂದರಲ್ಲಿ ಅಡಕೆ ತೋಟ ನೋಡಿಕೊಂಡು ಬದುಕಿದವರು ಅವರು. ಮನೆಗೆ ಬಂದವರಿಗೆ ಬಡಿಸಿದ್ದೇ ಆಯಿತೇ ಹೊರತು, ಅಮ್ಮ ಒಂದು ದಿನವಾದರೂ ಮೊದಲ ಪಂಕ್ತಿಯಲ್ಲಿ ಕುಳಿತು, ಇನ್ನೊಬ್ಬರು ಬಡಿಸಿದ್ದನ್ನು ನಿಧಾನವಾಗಿ ಉಂಡದ್ದು ನನ್ನ ನೆನಪಿನಲ್ಲಿಲ್ಲ. ಅದಕ್ಕಾಗಿಯೇ ಈ ಸಲ ಮನೆಯಲ್ಲಿ ಸಮಾರಂಭ ಬೇಡವೆಂದು ನಿರ್ಧರಿಸಿದ್ದೇನೆ. ಮನೆಯಲ್ಲಿ ಮಾಡಿದರೆ ಅವರು ಒಲೆಯ ಮುಂದಿನಿಂದ ಏಳುವುದಿಲ್ಲ. ಚಿಕ್ಕಮಗಳೂರಿನ ಕಡೆ ಬೆಟ್ಟದ ಮೇಲಿರುವ ಒಂದು ಐಷಾರಾಮಿ ಹೋಟೆಲಿನ ರೆಸ್ಟೋರೆಂಟಿನಲ್ಲಿ, ನಾನು ಮತ್ತು ನನ್ನ ಹೆಂಡತಿ ಜೊತೆಯಲ್ಲಿದ್ದು, ಅವರಿಬ್ಬರಿಗೂ ರಾತ್ರಿಯ ಊಟ ಮಾಡಿಸಬೇಕೆಂಬುದು ನನ್ನ ಆಸೆ. ಬಿಳಿಯ ಮೇಜುಬಟ್ಟೆ, ಕಿಟಕಿಯಾಚೆ ಕಾಫಿ ತೋಟ, ಒಂದಾದ ಮೇಲೊಂದರಂತೆ ಬರುವ ಭಕ್ಷ್ಯಗಳು, ಅಂಥ ಜಾಗ.

ಅಮ್ಮ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಅಪ್ಪ ಕೈಯಲ್ಲೇ ಊಟ ಮಾಡುವವರು, ಪಂಚೆ ಬಿಟ್ಟು ಬೇರೆ ಉಟ್ಟವರಲ್ಲ. ವಿಷಯ ಹೇಳಿದಾಗ ಅಪ್ಪ ಮೊದಲು ಬೇಡವೆಂದರು. ಕಾರಣ ಕೇಳಿದರೆ ತಮ್ಮ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಈ ವರ್ಷದ ಹಸಿ ಅಡಕೆ ಸುಲಿದ ಕರೆ ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಕಪ್ಪಾಗಿ ನಿಂತಿದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಅದು ಬೇಸಿಗೆಯವರೆಗೆ ಹೋಗುವುದಿಲ್ಲ. "ಈ ಕೈಯನ್ನು ಆ ಬಿಳಿ ಬಟ್ಟೆಯ ಮೇಲೆ ಹೇಗೆ ಇಡಲಿ" ಎಂದರು. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದ ರೈತರೊಬ್ಬರನ್ನು ಒಳಗೆ ಬಿಡದ ಸುದ್ದಿಯೂ ಅವರ ಮನಸ್ಸಿನಲ್ಲಿ ಉಳಿದಿದೆ. ಆ ಮಾಲನ್ನು ಸರ್ಕಾರ ಏಳು ದಿನ ಮುಚ್ಚಿಸಿತೆಂಬುದನ್ನು ನೆನಪಿಸಿದರೂ ಅವರಿಗೆ ಸಮಾಧಾನವಾಗಲಿಲ್ಲ.

ಇಂಥ ಕಡೆ ಹಿರಿಯರನ್ನು ಕರೆದೊಯ್ದ ಅನುಭವವಿರುವವರು, ಅಥವಾ ಅಲ್ಲಿ ಕೆಲಸ ಮಾಡಿದವರು, ಏನನ್ನು ಮೊದಲೇ ವಿಚಾರಿಸಬೇಕು, ಏನನ್ನು ಅವರಿಗೆ ಹೇಳಿಕೊಟ್ಟಿರಬೇಕು ಎಂದು ದಯವಿಟ್ಟು ತಿಳಿಸಿ. ಅವರಿಗೆ ಆ ಒಂದು ಸಂಜೆ ಮುಜುಗರವಾಗಬಾರದು ಎಂಬುದಷ್ಟೇ ನನ್ನ ಕಾಳಜಿ.

ಹೊಸನಗರದವ

ನಾನು 22 ವರ್ಷ ಇಂಥ ಹೋಟೆಲುಗಳ ಊಟದ ಮನೆಯಲ್ಲಿ ಕೆಲಸ ಮಾಡಿ, ಈಗ ಊರಿಗೆ ಬಂದು ನೆಲೆಸಿದ್ದೇನೆ. ಸ್ಟೂವರ್ಡ್ (ಬಡಿಸುವವ) ಆಗಿ ಸೇರಿ ಕ್ಯಾಪ್ಟನ್ (ಬಡಿಸುವವರ ಮೇಲ್ವಿಚಾರಕ) ಆಗಿ ಬಿಟ್ಟೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ತಂದೆಯವರ ಕೈಯ ವಿಷಯ. ಒಣಗಿದ ಅಡಕೆ ಕರೆ ಬಟ್ಟೆಗೆ ಹತ್ತುವುದಿಲ್ಲವೆಂದು ಅವರಿಗೇ ಗೊತ್ತು. ಅವರ ಸಂಕೋಚ ಬಟ್ಟೆಯದಲ್ಲ, ನೋಡುವವರ ಕಣ್ಣಿನದು. ಮೇಜುಬಟ್ಟೆ ಹೇಗೂ ಒಬ್ಬರು ಎದ್ದ ಮೇಲೆ ಲಾಂಡ್ರಿಗೆ ಹೋಗುತ್ತದೆ, ಅದನ್ನು ಹಾಸುವುದೇ ಕೊಳೆಯಾಗಲಿ ಎಂದು. ಕೈಯಲ್ಲಿ ಊಟ ಮಾಡಬಾರದೆಂಬ ನಿಯಮ ನಾನು ಕೆಲಸ ಮಾಡಿದ ಯಾವ ಹೋಟೆಲಿನಲ್ಲೂ ಇರಲಿಲ್ಲ. ರೊಟ್ಟಿ, ಅನ್ನ, ಸಾರು ತರಿಸಿಕೊಂಡ ಅತಿಥಿ ಕೈಯಲ್ಲಿ ಉಣ್ಣುತ್ತಾರೆಂದು ತಿಳಿದರೆ ಸ್ಟೂವರ್ಡ್ ತಾನಾಗಿಯೇ ಮುಳ್ಳುಚಮಚ, ಚಾಕುಗಳನ್ನು ತೆಗೆದು ಜಾಗ ಮಾಡಿಕೊಡುತ್ತಾನೆ, ಊಟದ ಕೊನೆಗೆ ಬೆಚ್ಚಗಿನ ನೀರಿಗೆ ನಿಂಬೆಯ ಹೋಳು ಹಾಕಿದ ಬಟ್ಟಲು ತಂದಿಡುತ್ತಾನೆ. ಅದು ಕೈ ತೊಳೆಯಲು, ಕುಡಿಯಲು ಅಲ್ಲ ಎಂಬುದನ್ನು ಮಾತ್ರ ಮನೆಯಲ್ಲೇ ಹೇಳಿರಿ. ನನ್ನ ತಂದೆಯ ಕೈಯೂ ಹಾಗೆಯೇ ಇತ್ತು. ನಾನು ಸಾವಿರಾರು ಜನರಿಗೆ ಬಡಿಸಿದ ಆ ಕೋಣೆಗೆ ಅವರನ್ನು ಒಂದು ಸಲವೂ ಕರೆದೊಯ್ಯಲಿಲ್ಲ, ಈಗ ಅವರಿಲ್ಲ. ದಯವಿಟ್ಟು ನೀವು ಕರೆದುಕೊಂಡು ಹೋಗಿ.

ಜಾಗ ಕಾದಿರಿಸುವುದನ್ನು ಮೊಬೈಲಿನ ಆ್ಯಪ್‌ನಲ್ಲಿ ಮಾಡಬೇಡಿ, ದೂರವಾಣಿಯಲ್ಲೇ ಮಾಡಿ. ಮಧ್ಯಾಹ್ನ ಮೂರೂವರೆಯಿಂದ ಆರರೊಳಗೆ ಕರೆ ಮಾಡಿದರೆ ಊಟದ ಗದ್ದಲ ಮುಗಿದು ರಾತ್ರಿಯ ಸಿದ್ಧತೆ ನಡೆದಿರುತ್ತದೆ, ರೆಸ್ಟೋರೆಂಟಿನ ಮ್ಯಾನೇಜರ್ ಮಾತಿಗೆ ಸಿಗುತ್ತಾರೆ. ಸಂದರ್ಭ ಯಾವುದೆಂದು, ಎಷ್ಟು ವಯಸ್ಸಿನವರೆಂದು, ತಂದೆ ಪಂಚೆ ಉಡುತ್ತಾರೆ ಎಂದು ಮೊದಲೇ ಹೇಳಿ, ಒಪ್ಪಿಗೆ ಪಡೆದವರ ಹೆಸರನ್ನು ಬರೆದಿಟ್ಟುಕೊಳ್ಳಿ. ಉಡುಪಿನ ನಿಯಮ 'ಸ್ಮಾರ್ಟ್ ಕ್ಯಾಶುವಲ್' ಎಂದು ಬರೆದಿರುವ ಕಡೆ ಸಾಮಾನ್ಯವಾಗಿ ಅವರು ಬೇಡವೆನ್ನುವುದು ಚಡ್ಡಿಯನ್ನು ಮತ್ತು ಸ್ನಾನದ ಮನೆಯ ಚಪ್ಪಲಿಯನ್ನು. ಇಸ್ತ್ರಿ ಮಾಡಿದ ಪಂಚೆ, ಶಲ್ಯ ನಮ್ಮ ನಾಡಿನಲ್ಲಿ ಸಭೆಗೆ ಹೋಗುವ ಉಡುಪು. ಆದರೂ ಬಾಗಿಲಲ್ಲಿ ನಿಂತವನಿಗೆ ಒಳಗಿನಿಂದ ಸೂಚನೆ ಹೋಗಿದ್ದರೆ ಒಳ್ಳೆಯದು, ಏಕೆಂದರೆ ಮುಜುಗರ ಆಗುವುದು ಬಾಗಿಲಲ್ಲೇ. ಮೇಜು ಎಸಿಯ ಗಾಳಿ ನೇರವಾಗಿ ಬೀಳದ ಜಾಗದಲ್ಲಿರಲಿ, ಅಡುಗೆಮನೆಯ ಬಾಗಿಲಿಗೆ ಹತ್ತಿರ ಬೇಡ, ತಗ್ಗಿನ ಸೋಫಾ ಬೇಡ, ಕೈಯಿರುವ ಕುರ್ಚಿ ಬೇಕು ಎಂದು ಕೇಳಿ. ಸಮಯ ಏಳು ಕಾಲು, ಏಳೂವರೆ. ಒಂದು ಭಕ್ಷ್ಯಕ್ಕೂ ಇನ್ನೊಂದಕ್ಕೂ ನಡುವೆ ಹದಿನೈದು ಇಪ್ಪತ್ತು ನಿಮಿಷ ಬಿಡುವುದು ಅಲ್ಲಿನ ರೂಢಿ. ಎಂಟು ಗಂಟೆಗೆ ಉಂಡು ಮಲಗುವವರಿಗೆ ಅದು ಉಪವಾಸದಂತೆ ತೋರುತ್ತದೆ. ಅಂತರ ಕಡಿಮೆ ಮಾಡಿ ಎಂದು ಕ್ಯಾಪ್ಟನ್‌ಗೆ ಹೇಳಿದರೆ ಆತ ಅಡುಗೆಮನೆಗೆ ಆರ್ಡರ್ ಚೀಟಿ ಕಳಿಸುವ ಹೊತ್ತನ್ನೇ ಬದಲಿಸುತ್ತಾನೆ.

ಇನ್ನು ಬಡಿಸುವ ಕ್ರಮ. ಒಂದಾದ ಮೇಲೊಂದು ತರುವ ಈ ಪದ್ಧತಿಗೆ ರಷ್ಯನ್ ಪದ್ಧತಿಯೆಂದು ಹೆಸರು. 19ನೇ ಶತಮಾನದಲ್ಲಿ ಅದು ಫ್ರಾನ್ಸಿಗೆ ಬರುವವರೆಗೆ ಅಲ್ಲಿನ ಶ್ರೀಮಂತರ ಔತಣದಲ್ಲಿ ಹತ್ತಾರು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ಹರಡಿ ಇಡುತ್ತಿದ್ದರು, ಬಿಸಿಯಾದದ್ದು ಆರಿಹೋಗುತ್ತಿತ್ತು. ಲಂಡನ್ನಿನ ಸವಾಯ್ ಹೋಟೆಲಿನಲ್ಲಿ 1890ರಿಂದ ಸೀಸರ್ ರಿಟ್ಜ್ ಹೋಟೆಲಿನ ಆಡಳಿತವನ್ನೂ ಆಗಸ್ಟ್ ಎಸ್ಕೋಫಿಯೆ ಅಡುಗೆಮನೆಯನ್ನೂ ನೋಡಿಕೊಂಡ ಕಾಲದಲ್ಲಿ, ಸಾಸ್ ಮಾಡುವವರು, ಹುರಿಯುವವರು, ಸಿಹಿ ಮಾಡುವವರು ಎಂದು ಕೆಲಸ ಹಂಚಿದ್ದರಿಂದ ಒಂದೇ ಮೇಜಿನ ನಾಲ್ಕು ತಟ್ಟೆಗಳು ಒಂದೇ ಬಿಸಿಯಲ್ಲಿ ಹೊರಬರುವುದು ಸಾಧ್ಯವಾಯಿತು. ಇದನ್ನು ನಿಮ್ಮ ತಾಯಿಗೆ ವಿವರಿಸುವುದು ಕಷ್ಟವಲ್ಲ. ನಮ್ಮ ಪಂಕ್ತಿಯಲ್ಲಿಯೂ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಡಿಸಿದ ಮೇಲೆಯೇ ಅನ್ನ, ತೊವ್ವೆ. ಸಾರಾದ ಮೇಲೆ ಹುಳಿ, ಕೊನೆಗೆ ಮಜ್ಜಿಗೆ. ಎಲೆಯ ಮೇಲೆ ಪ್ರತಿಯೊಂದಕ್ಕೂ ಒಂದು ಜಾಗವಿರುವಂತೆ ಅಲ್ಲಿಯೂ ಇದೆ: ಬ್ರೆಡ್ಡಿನ ಚಿಕ್ಕ ತಟ್ಟೆ ಎಡಕ್ಕೆ, ನೀರಿನ ಲೋಟ ಬಲಕ್ಕೆ, ಚಮಚಗಳನ್ನು ಹೊರಗಿನಿಂದ ಒಳಕ್ಕೆ ಬಳಸುತ್ತ ಬರುವುದು.

ನಮ್ಮ ಹಿರಿಯರಿಗೆ ನಿಜವಾಗಿ ನೋವಾಗುವುದು ಒಂದೇ ವಿಷಯದಲ್ಲಿ: ತಟ್ಟೆಯನ್ನು ಅರ್ಧಕ್ಕೇ ಎತ್ತಿಕೊಂಡು ಹೋಗುವುದು. ಎಲೆ ಮಡಚಿದರೆ ಊಟ ಮುಗಿಯಿತೆಂದು ಅರ್ಥವಾಗುವಂತೆ, ಚಾಕು ಮತ್ತು ಮುಳ್ಳುಚಮಚವನ್ನು ತಟ್ಟೆಯಲ್ಲಿ ಜೋಡಿಸಿ ಒಟ್ಟಿಗೆ ಇಟ್ಟರೆ ಮುಗಿಯಿತೆಂದು ಅರ್ಥ; ಬಿಡಿಯಾಗಿ ಓರೆಯಾಗಿಟ್ಟರೆ ಇನ್ನೂ ಉಣ್ಣುತ್ತಿದ್ದೇನೆಂದು ಅರ್ಥ. ಅಚ್ಚುಕಟ್ಟಿನ ಸ್ವಭಾವದ ನಮ್ಮ ಹೆಂಗಸರು ನೀರು ಕುಡಿಯುವಾಗ ಚಮಚಗಳನ್ನು ಒಪ್ಪವಾಗಿ ಜೋಡಿಸಿಡುತ್ತಾರೆ, ಸ್ಟೂವರ್ಡ್ ಬಂದು ತಟ್ಟೆ ತೆಗೆಯುತ್ತಾನೆ, ಅವರು ಬಾಯಿಬಿಟ್ಟು ಹೇಳುವುದಿಲ್ಲ, ಹಸಿದುಕೊಂಡೇ ಏಳುತ್ತಾರೆ. ಇದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಕೇಳಿ ತೆಗೆಯಿರಿ ಎಂದು ಮೊದಲೇ ಹೇಳಿಬಿಡಿ.

ಕಾಫಿಹೂ, ಮೂಡಿಗೆರೆ

ಮೇಲೆ ಹೇಳಿದ್ದೆಲ್ಲವೂ ಸರಿಯಾಗಿದೆ. ಸಸ್ಯಾಹಾರದ ವಿಷಯದಲ್ಲಿ ನನ್ನ ಅನುಭವವನ್ನು ಸೇರಿಸುತ್ತೇನೆ, ಏಕೆಂದರೆ ಅದು ನನ್ನನ್ನು ಇಂದಿಗೂ ಕಾಡುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಅತ್ತೆಯವರನ್ನು ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ತರಕಾರಿ ಸೂಪ್ ಎಂದು ಬರೆದದ್ದನ್ನು ತರಿಸಿದೆವು. ಅರ್ಧ ಕುಡಿದ ಮೇಲೆ, ಪಕ್ಕದ ಮೇಜಿನವರು ವಿಚಾರಿಸಿದ್ದಕ್ಕೆ ಅದರ ಕಟ್ಟು ಕೋಳಿಯದೆಂದು ಸ್ಟೂವರ್ಡ್ ಉತ್ತರಿಸಿದ್ದು ನಮ್ಮ ಕಿವಿಗೂ ಬಿತ್ತು. ಅತ್ತೆ ಚಮಚವನ್ನು ಮೆಲ್ಲಗೆ ಕೆಳಗಿಟ್ಟರು. ಅನಂತರ ಏನನ್ನೂ ಮುಟ್ಟಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಹೋಟೆಲಿನವರು ಕ್ಷಮೆ ಕೇಳಿದರು, ಬಿಲ್ಲು ಬೇಡವೆಂದರು. ಅದರಿಂದ ಏನು ಬಂತು?

ಆದ್ದರಿಂದ 'ವೆಜ್' ಎಂಬ ಒಂದೇ ಪದಕ್ಕೆ ನಿಲ್ಲಬೇಡಿ. ಪಾಶ್ಚಾತ್ಯ ಅಡುಗೆಯಲ್ಲಿ ಕಣ್ಣಿಗೆ ಕಾಣದ ಪದಾರ್ಥಗಳು ಬಹಳ. ಸೂಪಿನ, ಸಾಸಿನ ಕಟ್ಟು ಯಾವುದೆಂದು ಕೇಳಿ. ಇಟಲಿಯ ಅಸಲಿ ಪಾರ್ಮಿಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಮೂಸ್, ಪನ್ನಾ ಕೋಟಾದಂಥ ಸಿಹಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರಬಹುದು, ತಾಜಾ ಪಾಸ್ತಾದಲ್ಲಿ ಮೊಟ್ಟೆ ಇರಬಹುದು, ವೂಸ್ಟರ್ ಸಾಸಿನಲ್ಲಿ ಸಣ್ಣ ಮೀನು ಇರುತ್ತದೆ. ಇನ್ನೊಂದು ಎಚ್ಚರಿಕೆ: ಈರುಳ್ಳಿ ಬೆಳ್ಳುಳ್ಳಿ ಬೇಡವೆಂದರೆ ಹೋಟೆಲಿನವರು ಅದನ್ನು 'ಜೈನ್' ಎಂದು ಬರೆದುಕೊಳ್ಳುತ್ತಾರೆ. ಜೈನ ಪದ್ಧತಿಯಲ್ಲಿ ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟಿನಂಥ ನೆಲದಡಿಯ ಗಡ್ಡೆಗಳೂ ನಿಷಿದ್ಧವಾದ್ದರಿಂದ ನಿಮ್ಮ ತಾಯಿಯ ತಟ್ಟೆಯಿಂದ ಅವೂ ಮಾಯವಾಗುತ್ತವೆ. ಬೇಡವಾದ ಎರಡೇ ಪದಾರ್ಥಗಳನ್ನು ಹೆಸರಿಸಿ ಹೇಳಿ. ಇದನ್ನು ಊಟದ ಮೇಜಿನಲ್ಲಿ ಹೇಳಿದರೆ ತಡವಾಯಿತು. ಗ್ರೇವಿಗಳೆಲ್ಲ ಬೆಳಿಗ್ಗೆಯೇ ತಯಾರಾಗಿರುತ್ತವೆ. ಎರಡು ದಿನ ಮುಂಚೆ ತಿಳಿಸಬೇಕು.

ಲೆಕ್ಕಿಗ, ಸಾಗರ

ಖರ್ಚಿನ ಕುರಿತು ನೀವು ಕೇಳಿಲ್ಲ, ಆದರೂ ಬಿಲ್ಲು ಬಂದಾಗ ತಂದೆಯವರ ಎದುರಿಗೆ ಗೊಂದಲವಾಗಬಾರದು. ಬೀದಿಯ ಹೋಟೆಲಿನ ಊಟಕ್ಕೆ ಶೇಕಡಾ 5 ಜಿಎಸ್‌ಟಿ. ಆದರೆ ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆಗಳಿರುವ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ ಶೇಕಡಾ 18. 2025ರ ಏಪ್ರಿಲ್ 1ರಿಂದ ಇದನ್ನು ಹಿಂದಿನ ಆರ್ಥಿಕ ವರ್ಷದಲ್ಲಿ ಪಡೆದ ಬಾಡಿಗೆಯ ಆಧಾರದ ಮೇಲೆ ನಿರ್ಧರಿಸುತ್ತಾರೆ. ಊಟ 8,000 ರೂಪಾಯಿಯದಾದರೆ ತೆರಿಗೆ 1,440, ಒಟ್ಟು 9,440. ಸೇವಾ ಶುಲ್ಕವೆಂದು ಶೇಕಡಾ 10 ಸೇರಿಸಿದ್ದರೆ ಅದರ ಮೇಲೂ ತೆರಿಗೆ ಬಿದ್ದು 10,384 ಆಗುತ್ತದೆ. ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಬೇಡವೆಂದರೆ ತೆಗೆಸಬಹುದು, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಬಡಿಸಿದವರಿಗೆ ನಿಮ್ಮ ಕೈಯಾರೆ ಕೊಡುವುದು ಬೇರೆ ಮಾತು, ಅದನ್ನು ಧಾರಾಳವಾಗಿ ಕೊಡಿ.

ಬಾಟಲಿ ನೀರಿಗೆ ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯಲು ಹೋಟೆಲುಗಳಿಗೆ ಅವಕಾಶವಿದೆಯೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿಯೇ ಹೇಳಿದೆ. ಸಾದಾ ಕುಡಿಯುವ ನೀರು ಸಾಕೆಂದು ಕೂರುವಾಗಲೇ ತಿಳಿಸಿ.

ವರದಾಮೂಲ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಷ್ಟೆಲ್ಲ ಸಿದ್ಧತೆಯ ನಡುವೆ ಏನು ಊಟ ಮಾಡಿಸುತ್ತೀರಿ ಎಂಬುದನ್ನು ಯಾರೂ ಚರ್ಚಿಸಲಿಲ್ಲ. ಮಲೆನಾಡಿನ ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ಈಗ ನಮ್ಮ ಅಡುಗೆಗೂ ಜಾಗ ಸಿಗುತ್ತಿದೆ: ಕಡುಬು, ಅಕ್ಕಿ ರೊಟ್ಟಿ, ಪತ್ರೊಡೆ, ತಂಬುಳಿ. ಅದು ಸಂತೋಷದ ಸಂಗತಿ. ಆದರೆ ಐವತ್ತು ವರ್ಷ ಕಡುಬು ಬೇಯಿಸಿದ ತಾಯಿಗೆ ಅಲ್ಲಿ ಕಡುಬನ್ನೇ ಬಡಿಸಿದರೆ ಅವರು ಊಟ ಮಾಡುವುದಿಲ್ಲ, ಪರೀಕ್ಷೆ ಮಾಡುತ್ತಾರೆ. ಕಳಲೆಯ ವಿಷಯವನ್ನೇ ತೆಗೆದುಕೊಳ್ಳಿ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ಅದನ್ನು ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಹಾಕಿ, ಬೇಯಿಸಿ ಬಸಿದು ಬಳಸಬೇಕು. ಆ ವಾಸನೆ, ಆ ಹದ ಬಾಯಿಗೆ ಗೊತ್ತಿರುವವರನ್ನು ಮೆಚ್ಚಿಸುವುದು ಸುಲಭವಲ್ಲ. ಮೇಲಾಗಿ ಅದು ಮಳೆಗಾಲದ ಪದಾರ್ಥ, ಕೆಸುವೂ ಹಾಗೆಯೇ. ಫೆಬ್ರವರಿಯಲ್ಲಿ ಹೋಟೆಲಿನವರು ಬಡಿಸಿದರೆ ಅದು ಉಪ್ಪುನೀರಿನಲ್ಲಿಟ್ಟದ್ದು ಅಥವಾ ಡಬ್ಬಿಯದು.

ಮನೆಯಲ್ಲಿ ಮಾಡಲಾಗದ್ದನ್ನೇ ತರಿಸಿ. ಪದರ ಪದರವಾಗಿ ಬಿಡುವ ಬೆಣ್ಣೆಯ ಬ್ರೆಡ್ಡು, ಮೇಜಿಗೆ ಬಂದ ಮೇಲೂ ಉಬ್ಬಿಕೊಂಡೇ ಇರುವ ಸೂಫ್ಲೆ (ಮೊಟ್ಟೆ ತಿನ್ನುವವರಿಗೆ), ಮರದ ಬೆಂಕಿಯಲ್ಲಿ ಸುಟ್ಟ ತರಕಾರಿ. ಮೈಸೂರಿನ ಲಲಿತಮಹಲಿನಲ್ಲಿ, 1921ರಲ್ಲಿ ಕಟ್ಟಿ 1974ರಲ್ಲಿ ಹೋಟೆಲಾದ ಆ ಅರಮನೆಯ ನೃತ್ಯದ ಹಜಾರದಲ್ಲಿ, ನಾನು ನನ್ನ ತಾಯಿಯೊಡನೆ ಊಟಕ್ಕೆ ಕುಳಿತಿದ್ದಾಗ ಅವರು ಅಡುಗೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೇಲಿನ ಗಾಜಿನ ಗುಮ್ಮಟದಿಂದ ಬೀಳುತ್ತಿದ್ದ ಬೆಳಕನ್ನು ನೋಡುತ್ತ ಎರಡು ಗಂಟೆ ಕುಳಿತಿದ್ದರು. ಅಮ್ಮ ಅಷ್ಟು ಹೊತ್ತು ಸುಮ್ಮನೆ ಕುಳಿತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೊಸನಗರದವ

ವರದಾಮೂಲರ ಮಾತನ್ನು ಅರ್ಧ ಒಪ್ಪುತ್ತೇನೆ. ಎಲ್ಲವೂ ಹೊಸದಾದರೆ ಹಿರಿಯರು ದಣಿಯುತ್ತಾರೆ; ನಾಲಿಗೆಗೆ ಪರಿಚಿತವಾದ ಒಂದಾದರೂ ಇರಬೇಕು, ಅದು ಕೊನೆಯಲ್ಲಿ ಬರಬೇಕು. ಯಾವ ಹೋಟೆಲಿನ ಅಡುಗೆಮನೆಯಲ್ಲೂ ಸಿಬ್ಬಂದಿಯ ಊಟಕ್ಕೆಂದು ಅನ್ನ ಮೊಸರು ಇದ್ದೇ ಇರುತ್ತದೆ. ಕೇಳಲು ಸಂಕೋಚ ಬೇಡ.

ಫೆಬ್ರವರಿ ಹೊತ್ತಿಗೆ ಹಲಸಿನ ಗುಜ್ಜೆ (ಎಳೆಯ ಕಾಯಿ) ಶುರುವಾಗಿರುತ್ತದೆ. ಅದನ್ನು ಅವರು ಹೇಗೆ ಮಾಡುತ್ತಾರೆಂದು ವಿಚಾರಿಸಿ, ಚೆನ್ನಾಗಿ ಮಾಡುವ ಬಾಣಸಿಗರಿದ್ದಾರೆ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ಹೋಗಿಬಂದು ಒಂದು ವಾರವಾಯಿತು. ಮುಂದೆ ಯಾರಿಗಾದರೂ ಉಪಯೋಗವಾಗಲೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಎರಡು ದಿನ ಮುಂಚೆ ದೂರವಾಣಿ ಮಾಡಿ ಎಲ್ಲವನ್ನೂ ತಿಳಿಸಿದ್ದೆ. ಬಾಗಿಲಲ್ಲಿದ್ದ ಹುಡುಗ ಅಪ್ಪನ ಪಂಚೆ ನೋಡಿ ಕೈಮುಗಿದು, ಕನ್ನಡದಲ್ಲಿಯೇ ಒಳಗೆ ಕರೆದ. ಮೇಜಿನ ಮುಂದೆ ಕುಳಿತ ಅಪ್ಪ ಮೊದಲ ಹತ್ತು ನಿಮಿಷ ಕೈಗಳನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಬ್ರೆಡ್ಡಿನ ಬುಟ್ಟಿ ಬಂದಾಗ ಕ್ಯಾಪ್ಟನ್ ಮಾತಿನ ನಡುವೆ, ತನ್ನ ಊರು ಕೊಪ್ಪದ ಹತ್ತಿರವೆಂದೂ ತಮ್ಮ ತೋಟದ ಸುಲಿ ಇನ್ನೂ ಮುಗಿದಿಲ್ಲವೆಂದೂ ಹೇಳಿದ. ಈ ಸಲ ಅಡಕೆಗೆ ಕೊಳೆರೋಗ ಎಷ್ಟಿತ್ತು ಎಂದು ಅಪ್ಪ ಕೇಳಿದರು. ಮಾತಾಡುತ್ತಾಡುತ್ತ ಅವರ ಎರಡೂ ಕೈ ಮೇಜಿನ ಮೇಲೆ ಬಂದದ್ದು ಅವರಿಗೇ ತಿಳಿಯಲಿಲ್ಲ.

ಎಲ್ಲವೂ ಸರಿಯಾಯಿತೆಂದಲ್ಲ. ಸಿಹಿಯಲ್ಲಿ ಜೆಲಟಿನ್ ಇತ್ತು. ಕೇಳಿದ್ದರಿಂದ ಗೊತ್ತಾಯಿತು, ಬದಲಿಗೆ ಹಣ್ಣು ಮತ್ತು ಬೆಲ್ಲದ ಐಸ್‌ಕ್ರೀಮ್ ತಂದರು. ಸೇವಾ ಶುಲ್ಕ ಬಿಲ್ಲಿನಲ್ಲಿತ್ತು, ಹೇಳಿದ ಮೇಲೆ ತೆಗೆದರು. ಬೆಟ್ಟದ ಚಳಿ ನಾನು ಎಣಿಸಿದ್ದಕ್ಕಿಂತ ಜೋರಾಗಿತ್ತು. ಹಿರಿಯರನ್ನು ಕರೆದೊಯ್ಯುವವರು ಶಾಲು ಮರೆಯಬಾರದು.

ಗುಜ್ಜೆಯನ್ನು ಕೆಂಡದ ಮೇಲೆ ಸುಟ್ಟು, ಮೇಲೆ ಹುಣಸೆ, ಸೂಜಿಮೆಣಸು, ಬೆಲ್ಲದ ಗೊಜ್ಜು ಸವರಿದ್ದರು. ಅಮ್ಮ ಅದನ್ನು ಮುಗಿಸಿ, ಚಮಚಗಳನ್ನು ಒಪ್ಪವಾಗಿ ಜೋಡಿಸಿಟ್ಟರು. ಸ್ಟೂವರ್ಡ್ ತಟ್ಟೆಗೆ ಕೈ ಹಾಕುವ ಮೊದಲು ಬಗ್ಗಿ, "ಇನ್ನು ಸ್ವಲ್ಪ ತರಲೇ, ಅಮ್ಮ?" ಎಂದ. ಯಾರ ಮನೆಯಲ್ಲೂ ಎರಡನೆಯ ಸಲ ಬಡಿಸಿಕೊಳ್ಳದ ಅಮ್ಮ ನನ್ನ ಮುಖವನ್ನೊಮ್ಮೆ ನೋಡಿ, "ಸ್ವಲ್ಪ ಹಾಕಿ" ಎಂದರು.